ನನ್ನ ಕಾರಿನೊಳಗಿದ್ದ ಕಾವಲು

ಬೆಳಿಗ್ಗೆ ಕೋಳಿಗೂಡಿನ ಬಾಗಿಲು ತೆಗೆದೆ. ಬಚ್ಚಲ ಒಲೆಗೆ ಸೌದೆ ತುರುಕಿದೆ. ಕಣದಲ್ಲಿ ಹರಡಿದ್ದ ಕಾಳುಮೆಣಸಿಗೆ ಕೈಯಾಡಿಸಿ, ಇನ್ನೂ ಹಸಿಯಿದ್ದದ್ದನ್ನು ಬಿಸಿಲಿನ ಕಡೆಗೆ ತಳ್ಳಿದೆ. ಅಕ್ಕಿರೊಟ್ಟಿ ಬೇಯಿಸಿ, ಬದನೆಕಾಯಿ ಸುಟ್ಟು ಚಟ್ನಿ ಅರೆದೆ. ಬಿರಿದುಹೋಗಿದ್ದ ದಿಂಬಿನ ಚೀಲಕ್ಕೆ ನಾಲ್ಕು ಹೊಲಿಗೆ ಹಾಕಿದೆ. ಕಾರಿನ ಗಾಜಿನ ಮೇಲಿನ ಇಬ್ಬನಿ ಒರೆಸಿದೆ. ಆಮೇಲೆ ತೋಟದ ಕಡೆ ಮುಖ ಮಾಡಿ, "ಮೂಡಿಗೆರೆ ಸಂತೆಗೆ ಹೋಗಿ ಬರ್ತೀನಿ ಕಣ್ರೀ" ಎಂದು ಮನೆಯವರಿಗೆ ಕೂಗಿ ಹೇಳಿ, ಗೇಟು ದಾಟಿದ ಮೇಲೆ ಕಾರನ್ನು ಕಳಸದ ರಸ್ತೆಗೆ ತಿರುಗಿಸಿದೆ.

ಈ ಸುಳ್ಳು ಅವತ್ತಿಗೆ ಹೊಸದಲ್ಲ. ಸಂತೆಯ ದಿನ ಬಂತೆಂದರೆ ಪಕ್ಕದ ಎಸ್ಟೇಟಿನ ಸೊಸೆ ಚೀಲ ಹಿಡಿದು ತಮ್ಮ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ಅವಳ ತವರು ಕಳಸದ ದಾರಿಯಲ್ಲಿ, ದೊಡ್ಡ ತಿರುವು ಇಳಿದ ಮೇಲೆ ಸಿಗುವ ಕಣಿವೆಯಲ್ಲಿತ್ತು. ಅವಳ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವಳ ಮಾವ ಮಾತ್ರ ಆ ಮನೆಯ ಹೊಸ್ತಿಲು ತುಳಿಯಕೂಡದೆಂದು ಹೇಳಿಬಿಟ್ಟಿದ್ದರು. ಕಾರಣ ಕೇಳಿದರೆ ಈಗಲೂ ಏನೆನ್ನಬೇಕೋ ತಿಳಿಯುವುದಿಲ್ಲ. ಅವಳ ತಮ್ಮನ ಮದುವೆಯಲ್ಲಿ ಈ ಮಾವನನ್ನು ಮೊದಲ ಪಂಕ್ತಿಗೆ ಕರೆಯಲು ಮರೆತಿದ್ದರು. ಎರಡನೇ ಪಂಕ್ತಿಗೆ ಕರೆದಾಗ ಅವರು ಉಣ್ಣದೆ ಎದ್ದು ಬಂದರು. ಅಷ್ಟೇ.

ಹಾಗಾಗಿ ನಾವು ಸಂತೆಗೆಂದು ಹೊರಟು ತವರಿಗೆ ಹೋಗುತ್ತಿದ್ದೆವು. ಅವಳು ತಾಯಿಯ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ಮೈ ಒರೆಸಿ, ಗಂಜಿ ಕುಡಿಸುವಳು. ನಾನು ಜಗಲಿಯಲ್ಲಿ ಕೂತು ಆ ಮನೆಯ ಜನರೊಂದಿಗೆ ಅಡಿಕೆ ಹಾಕಿಕೊಳ್ಳುತ್ತಾ ಮಾತಾಡುವೆ. ಬರುವಾಗ ದಾರಿಯ ಅಂಗಡಿಯಲ್ಲಿ ತರಕಾರಿ ಕೊಂಡು ಚೀಲ ತುಂಬುತ್ತಿದ್ದೆವು. ಸಂತೆಯದಕ್ಕಿಂತ ಬಾಡಿರುತ್ತಿತ್ತು. ಮನೆಯ ಗಂಡಸರು ಯಾರೂ ಬೀನ್ಸ್ ಮುರಿದು ನೋಡುವವರಲ್ಲ.

ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ, ಕಾಫಿ ಒಣಗಿಸಿ ಖಾಲಿಯಾದ ನಮ್ಮ ಕಣದಲ್ಲಿ. ಕಲಿಸಿದವರೂ ಮನೆಯವರೇ. ಹಣ್ಣು ಕೊಯ್ಯುವ ಬುಟ್ಟಿಗಳನ್ನು ಸಾಲಾಗಿ ಇಟ್ಟು, "ಒಂದು ಬುಟ್ಟಿ ಮುಟ್ಟಿದ್ರೂ ಕಾಫಿ ಇಲ್ಲ ನಿಂಗೆ" ಎನ್ನುತ್ತಿದ್ದರು. ಕಲಿಸುವಷ್ಟು ಧೈರ್ಯ ಅವರಿಗಿತ್ತು. ಒಬ್ಬಳನ್ನೇ ಕಳಿಸುವ ಧೈರ್ಯ ಇರಲಿಲ್ಲ. ನಾನು ಹೊರಟರೆ ಮರಳುವ ತನಕ ಗೇಟಿನ ಹತ್ತಿರ ಏನೋ ಕೆಲಸ ಹುಡುಕಿಕೊಂಡು ನಿಲ್ಲುವರು. ಎಲ್ಲರ ಕೈಗೂ ಮೊಬೈಲ್ ಬಂದಿದ್ದ ಕಾಲ ಅದು. ಆದರೆ ನಮ್ಮ ಗುಡ್ಡಗಳಲ್ಲಿ ಫೋನು ಕೆಲಸ ಮಾಡುವುದಕ್ಕಿಂತ ಮಾಡದ ಜಾಗವೇ ಹೆಚ್ಚು. ಕಳಸದ ಕಡೆಗೆ ಹೋಗುವವರೆಲ್ಲ ಆ ದೊಡ್ಡ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮಾತು ಮುಗಿಸಿಯೇ ಇಳಿಯುವುದು. ಅದರಾಚೆ ರೇಂಜ್ ಇಲ್ಲ.

ಅವತ್ತು ನಾವು ಅಲ್ಲಿ ನಿಲ್ಲಲಿಲ್ಲ. ತಾಯಿಗೆ ಸ್ನಾನ ಮಾಡಿಸಬೇಕೆಂದು ಅವಳಿಗೆ ಅವಸರ. ಅವಳು ಆ ದಿನ ತಾಯಿಯ ಉಗುರೂ ಕತ್ತರಿಸಿದಳು. ತಾಯಿ ನೆಟ್ಟಗಿದ್ದ ಕೈಯಿಂದ ಮಗಳ ಗಲ್ಲ ಸವರಿದರು. ನಾಲಿಗೆ ಹೊರಳುತ್ತಿರಲಿಲ್ಲ. ಹೊರಡುವಾಗ ಅವಳ ತಮ್ಮನ ಹೆಂಡತಿ ಬಾಳೆಎಲೆಯಲ್ಲಿ ಕಡುಬು ಕಟ್ಟಿಕೊಟ್ಟಳು.

ವಾಪಸ್ ಬರುವಾಗ ತಿರುವಿನಲ್ಲಿ ಜನವೋ ಜನ. ಎರಡು ಜೀಪು, ಹಗ್ಗ, ಕತ್ತಿ. ಎಲ್ಲರೂ ಕೆಳಗಿನ ಕಣಿವೆಗೆ ಬಗ್ಗಿ ನೋಡುತ್ತಿದ್ದರು. ಬಸ್ಸೇ ಉರುಳಿದೆ ಎಂದುಕೊಂಡೆ. ಕಾರು ನಿಲ್ಲಿಸಿ ಇಳಿದು, ಬೆನ್ನು ಮಾಡಿ ನಿಂತಿದ್ದ ನಮ್ಮ ತೋಟದ ಮೇಸ್ತ್ರಿಯನ್ನೇ ಕೇಳಿದೆ:

"ಯಾರ ಗಾಡಿ ಮಾರಾಯ, ಬಿದ್ದಿದ್ದು?"

"ನಿಮ್ದೇ ಅಮ್ಮಾ!" ಎಂದು ಹೇಳುತ್ತಲೇ ತಿರುಗಿದವನು ನನ್ನನ್ನು ಕಂಡು ಹಗ್ಗ ಕೆಳಗೆ ಬಿಟ್ಟ.

ಯಾರೋ ನಕ್ಕರು. ಇನ್ನೊಬ್ಬರು, "ದೆವ್ವ ಆದ್ರೂ ಕಾರಲ್ಲೇ ಬರುತ್ತೆ ನೋಡು" ಎಂದರು. ಅಷ್ಟರಲ್ಲಿ ಲಂಟಾನದ ಮುಳ್ಳು ಗೀರಿದ ಮೈಯಲ್ಲಿ ಮನೆಯವರು ಇಳಿಜಾರು ಹತ್ತಿ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದರು.

"ಇಲ್ಲೇ ನಿಂತಿದೆ ಅಂದ್ರಲ್ಲೇ! ಗಾಡಿ ಇಲ್ಲಿಂದ ಅಲ್ಲಾಡೇ ಇಲ್ಲ ಅಂತ ಕಂಪ್ಯೂಟರ್ ತೋರಿಸ್ತಿದೆ ಅಂದ್ರು!"

"ಯಾವ ಕಂಪ್ಯೂಟರ್?"

ಅವರು ಕೈ ಬಿಟ್ಟರು.

ಹಿಂದಿನ ವಾರ ಕಾರನ್ನು ಸರ್ವಿಸಿಗೆಂದು ಚಿಕ್ಕಮಗಳೂರಿಗೆ ಒಯ್ದಿದ್ದಾಗ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿಕೊಂಡು ಬಂದಿದ್ದರು. ಕಾರು ಎಲ್ಲಿದೆ, ಎಷ್ಟು ಜೋರಾಗಿ ಹೋಗುತ್ತಿದೆ ಎಂದು ಅದನ್ನು ಮಾರಿದ ಅಂಗಡಿಯವರು ಕೂತಲ್ಲಿಂದಲೇ ನೋಡಿ ಹೇಳುವರಂತೆ. ಅವತ್ತು ಸ್ಪ್ರಿಂಕ್ಲರ್ ಪಂಪಿನ ಬೆಲ್ಟ್ ಹರಿದಿತ್ತು. ನಾನು ಮೂಡಿಗೆರೆ ತಲುಪಿದ್ದರೆ ತರಿಸೋಣವೆಂದು ಮೊದಲ ಸಲ ಆ ಅಂಗಡಿಗೆ ಫೋನು ಮಾಡಿದರು. ಕಾರು ಕಳಸದ ರಸ್ತೆಯ ತಿರುವಿನಲ್ಲಿದೆ ಎಂಬ ಉತ್ತರ ಬಂತು. ಮತ್ತೆ ಮಾಡಿದರು, ಅಲ್ಲೇ. ಇನ್ನೊಮ್ಮೆ ಮಾಡಿದರೂ ಅಲ್ಲೇ. ಆ ಪೆಟ್ಟಿಗೆಯೊಳಗೂ ಮೊಬೈಲಿನಂತೆ ಸಿಮ್ ಇದೆ, ರೇಂಜ್ ತಪ್ಪಿದರೆ ಅದು ಕೊನೆಯ ಜಾಗವನ್ನೇ ತೋರಿಸುತ್ತಾ ಕೂರುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ಕಳಸಕ್ಕೆ ಹೋಗುವಾಗಲೆಲ್ಲ ಆ ತಿರುವಿನಲ್ಲಿ ನಿಂತು ಫೋನು ಮಾಡುವ ಮನುಷ್ಯನಿಗೇ ಹೊಳೆಯಲಿಲ್ಲ. ಕಾರಿನಲ್ಲಿ ಪಕ್ಕದ ಮನೆಯ ಸೊಸೆಯೂ ಇದ್ದಾಳೆಂದು ಅವಳ ಮಾವನಿಗೂ ಹೇಳಿ, ಎರಡೂ ತೋಟದ ಆಳುಗಳನ್ನು ಕಟ್ಟಿಕೊಂಡು ಓಡಿ ಬಂದಿದ್ದರು. ರಸ್ತೆಯಲ್ಲಿ ಕಾರು ಕಾಣದಿದ್ದಾಗ ಕಣಿವೆಗೇ ಉರುಳಿದೆ ಎಂದುಕೊಂಡರು.

ಆ ಮಾವ ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದರು. ನಿಧಾನಕ್ಕೆ ನಮ್ಮ ಕಾರಿನ ಹತ್ತಿರ ಬಂದು, ಕಿಟಕಿಯಲ್ಲಿ ಬಗ್ಗಿ, ಸೊಸೆಯ ಮಡಿಲಲ್ಲಿದ್ದ ಬಾಳೆಎಲೆ ಗಂಟು ನೋಡಿದರು. ಅವಳ ಕೈಯಿಂದ ಇನ್ನೂ ಎಣ್ಣೆ ವಾಸನೆ ಹೋಗಿರಲಿಲ್ಲ.

"ಮೂಡಿಗೆರೆ ಸಂತೆ ಈಗ ಈ ಕಡೆ ಕೂಡುತ್ತಾ?" ಎಂದರು. "ಕಡುಬು ಹೆಂಗೆ ಕೊಡ್ತಾರೆ?"

ಅವಳು ಇಳಿದು ಹೋಗಿ ಜೀಪಿನಲ್ಲಿ ಕೂತಳು. ಗಂಟು ನನ್ನ ಕಾರಿನಲ್ಲೇ ಉಳಿಯಿತು.

ಮನೆಗೆ ಬಂದು ನಾನು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಅವರ ಗೀರುಗಳಿಗೆ ಅರಿಸಿನ ಹಚ್ಚಿದೆ. ಉರಿಗೆ ಅವರು ಹಲ್ಲು ಕಚ್ಚಿಕೊಂಡೇ ಹೇಳಿದರು:

"ನಿನ್ ಮೇಲಿನ ಅನುಮಾನಕ್ಕಲ್ಲ ಕಣೇ. ನನ್ನ ಹೆದರಿಕೆಗೆ ಹಾಕ್ಸಿದ್ದು."

"ನಂಗೆ ಹೇಳಿ ಹಾಕ್ಸಿದ್ರೆ ನಾನೇನು ಬೇಡ ಅಂತಿದ್ನಾ?"

"ನೀನೂ ಎಲ್ಲಿಗೆ ಹೋಗ್ತಿದೀನಿ ಅಂತ ಹೇಳಿರ್ಲಿಲ್ಲ."

ನಿಜವೇ. ಹೇಳಿದ್ದರೆ ಪಕ್ಕದ ಮನೆಯವರ ಎದುರು ಇವರ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಅಷ್ಟು ಸಾಧು ಮುಖ ಅದು.

ಮಾರನೇ ದಿನ ಅವರೇ ಪಕ್ಕದ ಮನೆಗೆ ಹೋಗಿ ಆ ಹಿರಿಯರ ಮುಂದೆ ಕೂತು ಕೇಳಿದರಂತೆ: "ಹೆತ್ತ ತಾಯಿ, ನೋಡ್ಕೊಂಡು ಬರ್ಲಿ ಬಿಡಿ ಗೌಡ್ರೇ. ನಮ್ಮ ಮನೆಯವಳು ಕರ್ಕೊಂಡು ಹೋಗ್ತಾಳೆ." ಅವರು ಎಲೆಗೆ ಸುಣ್ಣ ಸವರುತ್ತಾ, "ನಿಮ್ ಹೆಂಡ್ತಿನ ನಂಬಿ ಕಾರು ಕೊಡೋಕೆ ನಿಮಗೇ ಆಗ್ಲಿಲ್ಲ. ನಾನು ಯಾವ ಧೈರ್ಯದ ಮೇಲೆ ಸೊಸೆನ ಕಳಿಸ್ಲಿ?" ಎಂದರಂತೆ. ಇದನ್ನು ನನಗೆ ಹೇಳುವಾಗ ಮನೆಯವರು ನೆಲ ನೋಡುತ್ತಿದ್ದರು. ಹೇಳಿ ಮುಗಿಸಿ, ಸ್ಕ್ರೂಡ್ರೈವರ್ ತಂದು ಪೆಟ್ಟಿಗೆ ಬಿಚ್ಚಿದರು. ವೈರು ಕೀಳುವಾಗ ಹಾರ್ನಿನದೂ ಕಿತ್ತುಬಂತು.

ಪೆಟ್ಟಿಗೆ ಹೋಯಿತು, ಮಾತು ಹೋಗಲಿಲ್ಲ. ದಾರಿಯಲ್ಲಿ ಕೈ ಅಡ್ಡ ಹಿಡಿದು ಹತ್ತುತ್ತಿದ್ದ ಹೆಂಗಸರು, "ಬೇಡ ಅಕ್ಕಾ, ನಿಮ್ ಕಾರು ಚಾಡಿ ಹೇಳುತ್ತಂತೆ" ಎಂದು ನಗುತ್ತಾ ಬಸ್ಸಿಗೆ ಕಾಯುತ್ತಿದ್ದರು. ತಮಾಷೆಗೇ ಅಂದದ್ದು, ಆದರೆ ಹತ್ತುತ್ತಿರಲಿಲ್ಲ. ಪಕ್ಕದ ಮನೆಯವಳನ್ನು ಸಂತೆಗೆ ಅವರ ಜೀಪೇ ಒಯ್ಯುತ್ತಿತ್ತು, ನಿಜವಾದ ಸಂತೆಗೆ. ನಮ್ಮ ಬೇಲಿಯ ಹತ್ತಿರ ಸಿಕ್ಕರೆ, ತಾಯಿಯ ಸುದ್ದಿಯೇನಾದರೂ ಬಂತೇ ಎಂದು ಕಣ್ಣಲ್ಲೇ ಕೇಳುವಳು. ನಾನೊಬ್ಬಳೇ ಎರಡು ಸಲ ಹೋಗಿ ನೋಡಿ ಬಂದು ಹೇಳಿದೆ. ನಾನು ನೋಡಿದ್ದರಿಂದ ಅವಳಿಗೇನು ಆದೀತು?

ಮಳೆಗಾಲ ಹಿಡಿದುಕೊಳ್ಳುವ ಹೊತ್ತಿಗೆ ಆ ತಾಯಿ ತೀರಿಕೊಂಡರು. ಸೊಸೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಜೀಪು ಓಡಿಸಿಕೊಂಡು ಹೋದದ್ದು ಆ ಮಾವನೇ. ಹೊಸ್ತಿಲನ್ನೂ ತುಳಿದರು, ಹೆಣದ ಕಾಲಿಗೂ ನಮಸ್ಕರಿಸಿದರು. ಸಾವಿನ ಮನೆಯಲ್ಲಿ ಪಂಕ್ತಿಯ ಮಾತು ಯಾರಿಗೂ ನೆನಪಿರಲಿಲ್ಲ. ನಾವೂ ಹೋಗಿದ್ದೆವು. ಹಿತ್ತಲಿನಲ್ಲಿ ಅವಳು ನನ್ನ ಸೆರಗು ಹಿಡಿದುಕೊಂಡು ಹೇಳಿದಳು: "ಸಂತೆ ದಿನ ಬಂದ್ರೆ ಅಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿಸಿ ಅಂತ ಕೈಸನ್ನೆ ಮಾಡ್ತಿದ್ಲಂತೆ ಅಕ್ಕಾ."

ವಾಪಸ್ ಬರುವಾಗ ಕಾರು ಓಡಿಸಿದ್ದು ನಾನು. ದೊಡ್ಡ ತಿರುವು ಹತ್ತಿದ ಮೇಲೆ ಮನೆಯವರು, "ಇನ್ಮೇಲೆ ಅವಳ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗೇ. ನಾನೊಂದು ಮಾತೂ ಕೇಳಲ್ಲ" ಎಂದರು.

"ಎಲ್ಲಿಗೆ?" ಎಂದೆ.

ಅವರು ಕಿಟಕಿಯ ಗಾಜು ಏರಿಸಿಕೊಂಡರು. ಮಳೆ ಒಳಗೆ ಎರಚುತ್ತಿತ್ತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆವು. ಬಿಸಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ. ಅವರು ಇನ್ನೊಂದು ಸೌಟು ಹಾಕಿಸಿಕೊಂಡು ಉಣ್ಣದೆ ಬಿಟ್ಟರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿ ನಿದ್ದೆ ಹೋಗಿದ್ದರು.