ಅಕ್ಕನ ಹಲ್ಲು, ನನ್ನ ಬೆಳ್ಳಿ

ಮೊನ್ನೆ ನನ್ನ ಬೆಳ್ಳಿ ಅಂಗಡಿಗೆ ಬಂದ ಗಿರಾಕಿಯೊಬ್ಬಳು ಹಳೆಯ ಕಾಲ್ಗೆಜ್ಜೆಯೊಂದನ್ನು ಕರಗಿಸಲು ಕೊಟ್ಟುಹೋದಳು. ಕೈಗೆತ್ತಿಕೊಂಡರೆ, ಹುಪರಿ ಊರಿನ ನಮ್ಮ ಮನೆಯದೇ ಕೆಲಸ! ಗುರುತು ಹೇಗೆ ಸಿಕ್ಕಿತು ಅಂತೀರಾ? ಕೊಂಡಿಗಳ ಮೇಲೆ ಇಕ್ಕಳದ ಒಂದು ಗೆರೆಯೂ, ಅದನ್ನು ಉಜ್ಜಿ ತೆಗೆದ ಗುರುತೂ ಇರಲಿಲ್ಲ. ಅವನ್ನೆಲ್ಲ ನನ್ನ ಅಕ್ಕ ಹಲ್ಲಿನಿಂದ ಕಚ್ಚಿ ಮುಚ್ಚಿದ್ದಳು.

ನಮ್ಮಲ್ಲಿ ಗಂಡಸರು ಬೆಳ್ಳಿ ತಂತಿ ಎಳೆದು ಕೊಟ್ಟರೆ ಹೆಂಗಸರು ಪಡಸಾಲೆಯಲ್ಲಿ ಕೂತು ಕೊಂಡಿ ಜೋಡಿಸುತ್ತಾರೆ. ಇಕ್ಕಳದಿಂದ ಒತ್ತಿದರೆ ಗೆರೆ ಬೀಳುತ್ತದೆ, ಆಮೇಲೆ ಅದನ್ನು ಉಜ್ಜಿ ತೆಗೆಯಬೇಕು. ಉಜ್ಜುವ ಕೆಲಸ ನನ್ನದು. ನಾನೋ, ಮೈಗಳ್ಳರಲ್ಲಿ ಮೊದಲಿಗ. ಒಂದು ದಿನ ಅಕ್ಕ ಅವಸರಕ್ಕೆ ಕೊಂಡಿಯನ್ನು ಬಾಯಿಯ ಮೂಲೆಗಿಟ್ಟು ಕಚ್ಚಿದಳು. ಗೆರೆ ಬೀಳಲಿಲ್ಲ.

"ಭಾಳ ಛಲೋ ಆತ ನೋಡ ಅಕ್ಕಾ! ಇನ್ನ ಮ್ಯಾಲೆ ಹಿಂಗ ಮಾಡ," ಅಂದೆ. ಹಾಳು ಬಾಯಿ ನನ್ನದು.

"ನಿನಗ ಉಜ್ಜೂದು ತಪ್ಪತೈತಿ ಅನ್ನೋ ಕಳ್ಳಾ!" ಎಂದು ನಕ್ಕಳು. ಎಷ್ಟು ಚೆಂದದ ಹಲ್ಲುಗಳು! ದತ್ತವಾಡದ ಮಾವನ ಹೊಲದ ಕಬ್ಬನ್ನು ಅವುಗಳಿಂದಲೇ ಸಿಗಿದು ನನಗೂ ಕೊಡುತ್ತಿದ್ದಳು.

ವರ್ಷಗಟ್ಟಲೆ ಕಚ್ಚಿದಳು. ಹಲ್ಲು ಅಲ್ಲಾಡತೊಡಗಿದಾಗ ಲವಂಗದೆಣ್ಣೆ ತಂದುಕೊಟ್ಟೆ, ದೊಡ್ಡ ಉಪಕಾರ! ಕೊನೆಗೆ ಇಚಲಕರಂಜಿಯ ದಂತವೈದ್ಯರು ಎಕ್ಸ್‌ರೇ ಹಿಡಿದು ತೋರಿಸಿದರು.

"ಕಚ್ಚಿದ ಭಾರ ಹಲ್ಲಿನಾಗ ನಿಲ್ಲಂಗಿಲ್ರಿ. ಬೇರಿನಿಂದ ದವಡಿ ಎಲುಬಿಗೆ ಇಳೀತೈತಿ. ನೆಟ್ಟಗ ಜಗಿದ್ರ ಸುತ್ತಲೂ ಹರಡ್ತೈತಿ, ಎಲುಬ ತಡಕೋತೈತಿ. ಇವರು ದಿನಾ ಒಂದ ಕಡೆ ಅಡ್ಡ ಒತ್ತ್ಯಾರ, ಗೂಟ ಅಲ್ಲಾಡಿಸಿದಂಗ. ಗೂಟ ಗಟ್ಟಿ ಐತ್ರಿ, ನೆಲಾನ ಹೋಗೇತಿ."

ಹಲ್ಲು ಕಿತ್ತ ಮೇಲೆ ಭಾರವೇ ಬೀಳದ ಎಲುಬು ಮತ್ತಷ್ಟು ಸವೆಯಿತು. ಕಟ್ಟಿಸಿದ ಹಲ್ಲು ಅದರ ಮೇಲೆ ನಿಲ್ಲಲಿಲ್ಲ. ಈಗ ಅಕ್ಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾಳೆ. ಎದುರಿಗೆ ಕೂತು ನಾನು ಕಟಕಟ ಅಗಿಯುತ್ತೇನೆ. ನನ್ನ ಮೇಲೆ ನನಗೇ ಅಸಹ್ಯ. ಆದರೂ ತಪ್ಪಾಯಿತು ಎನ್ನುವ ಧೈರ್ಯ ಇಷ್ಟು ವರ್ಷ ಬಂದಿರಲಿಲ್ಲ.

ಗೆಜ್ಜೆಯನ್ನು ಕರಗಿಸಲು ಕೈ ಬರಲಿಲ್ಲ. ಅಕ್ಕನ ಮುಂದೆ ಇಟ್ಟೆ. ಒಂದು ಕೊಂಡಿ ಬಾಯಿ ಬಿಟ್ಟಿತ್ತು. ಅಭ್ಯಾಸಬಲದಿಂದ ಅದನ್ನು ತುಟಿಯವರೆಗೆ ಒಯ್ದವಳು ಕೆಳಗಿಳಿಸಿದಳು.

"ತಪ್ಪಾತ ಅಕ್ಕಾ. ಅವತ್ತ ನಾ ಹಂಗ ಅನಬಾರದಿತ್ತು," ಅಂದೆ.

ಅವಳು ಇಕ್ಕಳ ತೆಗೆದುಕೊಂಡು ಕೊಂಡಿಯನ್ನು ಒತ್ತಿದಳು. ಬೆಳ್ಳಿಯ ಮೇಲೆ ಗೆರೆ ಬಿತ್ತು. ಉಜ್ಜುವ ಸಲಾಕೆಯನ್ನು ಅದರ ಮೇಲೆ ನಾಲ್ಕು ಸಲ ಎಳೆದಳು. ಗೆರೆ ಹೋಯಿತು.

"ಇಷ್ಟೇ ಇಷ್ಟ ಕೆಲಸ ಇತ್ತಲ್ಲೋ ತಮ್ಮಾ," ಅಂದಳು.