ಗೋಷಾದ ಒಳಗಿನ ಮೇಸ್ತ್ರಿ

ಚೈನು ಹರಿಯಬಹುದಿತ್ತು. ಏಳು ತೇಪೆ ಹಾಕಿಸಿಕೊಂಡಿದ್ದ ಹಿಂದಿನ ಟ್ಯೂಬು ಎಂಟನೆಯದನ್ನು ಕೇಳಬಹುದಿತ್ತು. ಕ್ಲಚ್ಚಿನ ತಂತಿ ಕಿತ್ತು ಕೈಗೆ ಬರಬಹುದಿತ್ತು. ಮಾಂಜ್ರಾ ನದಿಯ ಉಸುಕಿನಲ್ಲಿ ಗಾಲಿ ಹೂತು, ಎಳೆಯಲು ಎತ್ತು ಹುಡುಕಿಕೊಂಡು ನಾನು ಊರೂರು ತಿರುಗಬಹುದಿತ್ತು. ನಾಕಾದ ಜವಾನ ಹಿಂದೆ ಕೂತ ಓವರ್ಸೀಯರ್ ಸಾಹೇಬರ ಗಡ್ಡ ನೋಡಿ ಚೀಟಿ ಕೇಳಬಹುದಿತ್ತು, ಚೀಟಿ ನೋಡಿ ಇನ್ನೊಂದು ಚೀಟಿ ಕೇಳಬಹುದಿತ್ತು. ಪೆಟ್ರೋಲು ಮುಗಿಯಬಹುದಿತ್ತು, ಮುಗಿಯದಿದ್ದರೆ ಸೋರಿ ಹೊತ್ತಿಕೊಳ್ಳಬಹುದಿತ್ತು. ಬ್ರೇಕು ಅಂದುಕೊಂಡು ನಾನು ಇನ್ನೇನನ್ನೋ ತುಳಿಯಬಹುದಿತ್ತು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲಿನ ಮೊದಲ ಚಳಿಗಾಲದ ಒಂದು ಸೋಮವಾರ, ಬೀದರಿನಿಂದ ಔರಾದಕ್ಕೆ ಮೋಟರ್ ಸೈಕಲ್ ಮೇಲೆ ಹೊರಟಾಗ, ಇಷ್ಟನ್ನೂ ಎಣಿಸಿಕೊಂಡೇ ಹೊರಟಿದ್ದೆ. ಕೊನೆಗೆ ಕೆಟ್ಟದ್ದು ಮಾತ್ರ ನನ್ನ ಎಣಿಕೆಯಲ್ಲಿ ಇರಲಿಲ್ಲ.

ಆ ಗಾಡಿಯನ್ನು ಹೊರಡುವ ಹಾಗೆ ಮಾಡಿದ ಕೈಗಳ ಉಗುರು ಮದರಂಗಿಯಿಂದ ಕೆಂಪಗಿದ್ದವು, ಉಗುರಿನ ಸಂದು ಗ್ರೀಸಿನಿಂದ ಕಪ್ಪಗಿತ್ತು. ಸೀಗೆಕಾಯಿ, ಹುಣಸೆಹಣ್ಣು, ಒಲೆಯ ಬೂದಿ, ಯಾವುದರಿಂದ ತಿಕ್ಕಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಅವು ಸಾಹೇಬರ ಹೆಂಡತಿ ಖಾಲಾನ ಕೈಗಳು. ಖಾಲಾ ಅಂದರೆ ಚಿಕ್ಕಮ್ಮ. ನಮ್ಮ ನಡುವೆ ರಕ್ತಸಂಬಂಧ ಏನಿಲ್ಲ, ಇದ್ದದ್ದು ಒಂದು ಗೋಡೆ. ಬೀದರಿನ ಹಳೇ ಊರಿನಲ್ಲಿ ನಮ್ಮ ಮನೆಗೂ ಓವರ್ಸೀಯರ್ ಸಾಹೇಬರ ಮನೆಗೂ ಅದೊಂದೇ ಗೋಡೆ, ಅದರೊಳಗೊಂದು ಗಿಡ್ಡ ಬಾಗಿಲು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನ್ನವ್ವ, ಐದು ಹೊತ್ತಿನ ನಮಾಜು ತಪ್ಪಿಸದ ಖಾಲಾ ಇಬ್ಬರೂ ಆ ಬಾಗಿಲಲ್ಲಿ ಬಗ್ಗಿ ನಿಂತೇ ಮಾತಾಡಿ ಮಾತಾಡಿ ಸೊಂಟ ನೋವು ಬರಿಸಿಕೊಂಡವರು. ಖಾಲಾ ಗೋಷಾದಲ್ಲಿದ್ದವಳು, ಹೊರಗಿನ ಗಂಡಸರು ಆಕೆಯ ನೆರಳನ್ನೂ ಕಂಡಿರಲಿಲ್ಲ. ನಾನು ಆಕೆಯ ಕೈಮೇಲೆ ಹುಟ್ಟಿದವನಾದ್ದರಿಂದ ನನಗೆ ಗೋಷಾ ಇರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಒಂದು ಶಾಲು. ನಾನು ಫೋರ್‌ಮನ್ ಆಗಿರುವ ಬಸ್ ಡಿಪೋದಲ್ಲಿ ಮೊನ್ನೆ ನನಗೆ ಸನ್ಮಾನ ಮಾಡಿದರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಕಿವಿ ಇವರದು, ಯಾವ ಗುರುವೂ ಇಲ್ಲದೆ ತಾವಾಗಿಯೇ ಕಲಿತವರು ಎಂದು ಭಾಷಣವೂ ಆಯಿತು. ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, ಸುಳ್ಳು ಹೇಳಬೇಡಿರಿ ಎನ್ನಬೇಕಿತ್ತು. ಎದ್ದರೆ ಶಾಲಿಗೆ ಚುಚ್ಚಿದ ಪಿನ್ನು ಎಲ್ಲಿ ಮೈಗೆ ನೆಡುತ್ತದೋ ಎಂದು ಚಿಂತಿಸುತ್ತ ಕುಳಿತೆ. ಹಾರವನ್ನೂ ಹಾಕಿಸಿಕೊಂಡೆ.

ಸಾಹೇಬರು ನಿಜಾಮನ ಕಾಲದ ರಸ್ತೆ ಓವರ್ಸೀಯರ್. ತಿಂಗಳಲ್ಲಿ ಇಪ್ಪತ್ತು ದಿನ ದೌರಾ, ಅಂದರೆ ಕೆಲಸದ ತಿರುಗಾಟ: ಭಾಲ್ಕಿ, ಭಾತಂಬ್ರಾ, ಮೆಹಕರ, ಔರಾದ. ಗಾಡಿ ಯಾವನೋ ಇಂಗ್ಲಿಷ್ ಅಧಿಕಾರಿ ಬಿಟ್ಟುಹೋದದ್ದು, ಆಗಲೇ ಮುದಿಯಾಗಿತ್ತು. ದೌರಾ ಮುಗಿಸಿ ಬಂದರೆ ಅದು ನಿಲ್ಲುತ್ತಿದ್ದದ್ದು ಒಳ ಅಂಗಳದಲ್ಲಿ. ಅಂಗಳವೆಂದರೆ ಜನಾನಾ, ಹೆಂಗಸರ ಜಾಗ. ಯಾವ ಮೇಸ್ತ್ರಿಯೂ ಅಲ್ಲಿ ಕಾಲಿಡುವಂತಿಲ್ಲ. ಇನ್ನು ಓವರ್ಸೀಯರ್ ಗಾಡಿ ಬೀದಿಯಲ್ಲಿ ಬಿಚ್ಚಿಕೊಂಡು ಬಿದ್ದಿದ್ದರೆ ಇಲಾಖೆಯ ಮರ್ಯಾದೆ ಏನಾಗಬೇಕು? ಹೀಗಾಗಿ ಆ ಗಾಡಿಗೆ ಕೈ ಹಚ್ಚಬಹುದಾದವಳು ಇಡೀ ಜಿಲ್ಲೆಯಲ್ಲಿ ಒಬ್ಬಳೇ ಉಳಿದಳು. ಸಾಹೇಬರು ಹೊರಸಿನ ಮೇಲೆ ಕುಳಿತು ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಉರ್ದುವಿನಲ್ಲಿ ಓದಿ ಹೇಳುವರು. ಖಾಲಾ ಸೆರಗು ಸಿಗಿಸಿಕೊಂಡು ಇಂಜಿನ್ ಬಿಚ್ಚುವಳು.

ಆಕೆಯ ಸಾಮಾನುಗಳ ಅರ್ಧ ಅಡುಗೆಮನೆಯವು. ಇಂಜಿನ್ ಚಾಲೂ ಇರುವಾಗ ಲಟ್ಟಣಿಗೆಯ ಒಂದು ತುದಿಯನ್ನು ಅದರ ಮೈಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದಳು. ಪೆಟ್ರೋಲು ಸೋಸಲು ಹಳೆ ಓಢಣಿ. ಕಿಡಿ ಹಾರುವ ಸಂದನ್ನು ಅಳೆಯಲು ಮಗಳ ಮದುವೆಯ ರುಖಾ, ಅಂದರೆ ಲಗ್ನಪತ್ರಿಕೆ. ಅದರದೊಂದು ತುಂಡು ಸಂದಿನಲ್ಲಿ ಬಿಗಿಯಾಗಿ ಜಾರಬೇಕು. ‘ಮಗಳ ಶಾದಿಗಿ ದಪ್ಪ ಕಾಗದದ ರುಖಾ ಹಾಕಸ್ರಿ ಅಂತ ಅಂದಿದ್ದಿಲ್ಲೇನು ನಾ?’ ಎಂದು ಸಾಹೇಬರನ್ನು ಮೂದಲಿಸುವಳು. ‘ಅಳಿಯಗ ಕೆಲಸಕ್ಕ ಬರ್ಲಿಲ್ಲ, ಗಾಡಿಗಿ ಬಂತು.’

ಸಿಟ್ಟು ಆಕೆಯ ಸಹಜ ಸ್ಥಿತಿ. ಬಿಗಿದ ನಟ್ಟಿನ ಮೇಲೆ, ಅದನ್ನು ಬಿಗಿದ ಗಂಡನ ಮೇಲೆ, ಹೊಂಡಬಿದ್ದ ರಸ್ತೆಯ ಮೇಲೆ, ಆ ರಸ್ತೆ ಹಾಕಿಸಿದವನೂ ಅದೇ ಗಂಡನೆಂಬುದರ ಮೇಲೆ. ಆದರೆ ಗಾಡಿಯ ಮೇಲೆ ಮಾತ್ರ ಎಂದೂ ಸಿಟ್ಟಾದವಳಲ್ಲ. ನಾನು ಅವಸರಕ್ಕೆ ನಟ್ಟು ಬಿಚ್ಚುವ ಪಾನಾ ಹಿಡಿದರೆ ಕೈಮೇಲೆ ಒಂದು ಪೆಟ್ಟು. ‘ಮೊದಲ ಕೇಳು. ಆಮ್ಯಾಲ ಬಿಚ್ಚು.’

ಪೊಲೀಸ್ ಆ್ಯಕ್ಷನ್ ಆದಾಗ ಗಾಡಿ ಜಪ್ತಿಯಾಯಿತು. ಎರಡು ಗಾಲಿ, ಒಂದು ಇಂಜಿನ್, ಮಾಲೀಕ ಮುಸಲ್ಮಾನ, ಇಷ್ಟು ಸಾಕಿತ್ತು. ಅದೇ ದಿನಗಳಲ್ಲಿ ಸಾಹೇಬರ ಬಲಗೈ ಮಣಿಕಟ್ಟು ಮುರಿಯಿತು. ಹೇಗೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಗೋಡೆಯ ಬಾಗಿಲನ್ನು ಅವ್ವ ಆ ವಾರ ಹಗಲಿರುಳು ತೆರೆದೇ ಇಟ್ಟಿದ್ದಳು. ಅರ್ಜಿಯ ಮೇಲೆ ಅರ್ಜಿ ಬರೆದು ನಾಲ್ಕು ತಿಂಗಳಿಗೆ ಗಾಡಿ ವಾಪಸ್ ಬಂದಾಗ ಅದಕ್ಕೆ ಅಡಿಯಿಂದ ಮುಡಿಯವರೆಗೆ ಹಸಿರು ಬಣ್ಣ ಬಳಿದಿದ್ದರು. ಸೀಟಿನ ಮೇಲೆ ಕೋಳಿ ಕೂತು ಎದ್ದ ಗುರುತೂ ಇತ್ತು.

ಅದರ ಬೆನ್ನಿಗೇ ಹುಕುಂ ಬಂತು. ದೌರಾದ ನೌಕರರೆಲ್ಲ ಬರುವ ಸೋಮವಾರ ಹತ್ತು ಗಂಟೆಗೆ ಔರಾದದ ಮುಸಾಫಿರ್ ಬಂಗಲೆಯಲ್ಲಿ ಹೊಸ ಅಧಿಕಾರಿಯ ಮುಂದೆ ತಂತಮ್ಮ ಚಾಲೂ ಇರುವ ಸವಾರಿ, ಅಂದರೆ ಗಾಡಿಯೊಂದಿಗೆ ಹಾಜರಾಗಬೇಕು. ಸವಾರಿ ಇಲ್ಲದವರ ಹೆಸರು ಪಟ್ಟಿಯಿಂದ ತೆಗೆಯಲಾಗುವುದು. ಹೆಸರು ತೆಗೆಯಲು ನೆವ ಹುಡುಕುವವರಿಗೆ ಆ ವರ್ಷ ಬರ ಇರಲಿಲ್ಲ. ಎಂಥ ಹೆಸರುಗಳು ಹೋದವೆಂದು ಬೀದರಿನವರಿಗೆ ನಾನು ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಜಲ್ಲಿ ಹಾಕಿಸಿದ ಮನುಷ್ಯನ ನಸೀಬು ಒಂದು ಮುದಿ ಇಂಜಿನ್ನಿಗೆ ನೇತುಬಿದ್ದಿತ್ತು. ಮುರಿದು ಸರಿಯಾಗಿ ಕೂಡದ ಕೈಯಲ್ಲಿ ಅವರು ಗಾಡಿ ನಡೆಸುವಂತಿರಲಿಲ್ಲ. ನಡೆಸಬೇಕಾದವನು ನಾನು: ವಯಸ್ಸು ಇಪ್ಪತ್ತನಾಲ್ಕು, ಮದುವೆಯಾಗಿತ್ತು, ಉರ್ದುವಿನಲ್ಲಿ ಎರಡು ಸಲ ಮೆಟ್ರಿಕ್ ಫೇಲಾಗಿತ್ತು, ಕೆಲಸ ಇರಲಿಲ್ಲ.

ಗುರುವಾರ ಹೆಂಡತಿಯ ತವರು ಖಟಕ ಚಿಂಚೋಳಿಗೆ ಹೋಗಿಬರುವ ನೆವ ಮಾಡಿ ಗಾಡಿ ತೆಗೆದೆ. ನಾಲ್ಕು ಮೈಲಿಗೆ ನಿಂತಿತು. ಸ್ವಲ್ಪ ಹೊತ್ತಿಗೆ ತಾನೇ ಚಾಲೂ ಆಯಿತು, ಮತ್ತೆ ನಿಂತಿತು. ಶುಕ್ರವಾರವೂ ಹಾಗೇ. ಭಾಲ್ಕಿ ಬಸ್ಸಿನ ಜೊತೆ ಬರುತ್ತಿದ್ದ ಮೇಸ್ತ್ರಿಯೊಬ್ಬನನ್ನು ಕರೆತಂದೆವು. ಗಾಡಿಯನ್ನು ಬಾಗಿಲಾಚೆ ನಿಲ್ಲಿಸಿ ತೋರಿಸಿದೆವು. ಅವನು ಒಂದು ಸುತ್ತು ಹಾಕಿ, ‘ಕಿಡಿ ಕೊಡೂ ಮ್ಯಾಗ್ನೆಟೊನೇ ಹೋಗ್ಯದ್ರಿ ಸಾಹೇಬ್ರ. ಹೈದ್ರಾಬಾದಕ್ಕ ಕಳಸ್ಬೇಕು. ತಿಂಗಳ ಹಿಡೀತದ’ ಅಂದ. ಪರದೆಯ ಹಿಂದೆ ತಾಟೊಂದು ಜೋರಾಗಿ ನೆಲಕ್ಕೆ ಬಿತ್ತು. ಪರಗಂಡಸಿನ ಜೊತೆ ಖಾಲಾ ವಾದ ಮಾಡುವುದು ಅಷ್ಟೇ ಸಾಧ್ಯವಿತ್ತು. ಅವನು ಅತ್ತ ಹೋದದ್ದೇ ತಡ, ನನ್ನನ್ನು ಹಿಡಿದು ಕೂರಿಸಿದಳು.

‘ಬಾ ಇಲ್ಲಿ ಫಿಕೀರಪ್ಪ.’ ಚಿಂತೆ ಮಾಡುವವನೆಂದು ಆಕೆ ನನಗಿಟ್ಟ ಹೆಸರು. ‘ಗಾಡಿ ಹ್ಯಾಂಗ ನಿಂತ್ತು? ಒಮ್ಮೆಲೇ ಸತ್ತಂಗ ನಿಂತ್ತೋ, ಹಸದಂಗ ನಿಂತ್ತೋ?’

‘ಹಸದಂಗ. ಕೆಮ್ಮಿ ಕೆಮ್ಮಿ ನಿಂತ್ತು.’

‘ಮ್ಯಾಗ್ನೆಟೊ ಹೋದ್ರ ಸತ್ತಂಗ ನಿಲ್ತದ. ಅದನ್ನ ಕೇಳ್ಲಿಕ್ಕೂ ಆಗ್ಲಿಲ್ಲ ಆ ಮೂಳಗ. ಮತ್ತ ಚಾಲೂ ಹ್ಯಾಂಗ ಆತು?’

‘ತಾನೇ ಆತು ಖಾಲಾ. ನಾ ಏನೂ ಮಾಡಿಲ್ಲ.’

‘ಏನೂ ಮಾಡಲಾರದ ಕೂಡೂ ಮನಷ್ಯಾ ಅಲ್ಲ ನೀ. ಏನೇನ ಮುಟ್ಟಿದಿ, ಹೇಳು.’

ನಾಚಿಕೊಂಡು ಒಪ್ಪಿದೆ. ಪೆಟ್ರೋಲು ಇದೆಯೋ ಇಲ್ಲವೋ ಎಂಬ ಹೆದರಿಕೆಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೆ. ನಿಂತಾಗಲೆಲ್ಲ ನೋಡಿದ್ದೆ.

‘ತೆಗದಾಗ ಸಪ್ಪಳ ಬಂತೇನು?’

‘ಬಂತು. ಸುಸ್ ಅಂತ.’

ಖಾಲಾ ಎದ್ದು ಮುಚ್ಚಳ ಬಿಚ್ಚಿ ಬಿಸಿಲಿಗೆ ಹಿಡಿದಳು. ಅದರ ನಡುವೆ ಸಾಸಿವೆ ಗಾತ್ರದ ತೂತು ಇರಬೇಕಿತ್ತು, ಇರಲಿಲ್ಲ. ಅಲ್ಲಿ ಹಸಿರು ಬಣ್ಣ ಇತ್ತು. ಹೊಲಿಗೆಯ ಸೂಜಿ ತಂದು ಚುಚ್ಚಿ ಬಣ್ಣ ಕಿತ್ತಳು, ಬಾಯಿಟ್ಟು ಊದಿದಳು. ಆಮೇಲೆ ಶುರುವಾಯಿತು.

‘ಎಣ್ಣಿ ಡಬ್ಬಿಗಿ ಒಂದೇ ತೂತ ಹೊಡದ್ರ ಎಣ್ಣಿ ಬರ್ತದೇನು? ಗಾಳಿ ಒಳಗ ಹೋಗ್ಲಿಕ್ಕ ಇನ್ನೊಂದು ಬೇಕು. ಅಡಗಿ ಮಾಡೂ ಹೆಂಗಸರಿಗೆಲ್ಲಾ ಗೊತ್ತದ. ನಾಕ ತಿಂಗಳ ಇಟ್ಕೊಂಡು ಇವರು ಮಾಡಿದ ಸೇವಾ ಇದು. ಉಸುರಾಡೂ ತೂತಿಗೇ ಬಣ್ಣ ಹಚ್ಚ್ಯಾರ.’

‘ಹಳೀದು ಹೊಸದು ಕಾಣ್ಲಿ ಅಂತ ಹಚ್ಚಿರಬೇಕು ಬಿಡು’ ಅಂದರು ಸಾಹೇಬರು.

‘ನಿಮಗ ಎಲ್ಲಾರೂ ಛಲೋ ಮಂದೀನೇ. ಕೈ ಮುರದೋರೂ ಛಲೋ ಮಂದೀನೇ.’

ಆ ಮಾತು ಆ ಮನೆಯಲ್ಲಿ ಬಂದದ್ದು ಅದೊಂದೇ ಸಲ. ಸಾಹೇಬರು ಪುಸ್ತಕ ಮುಚ್ಚಿದರು. ಖಾಲಾ ಮುಚ್ಚಳವನ್ನು ಮತ್ತೆ ಮತ್ತೆ ಒರೆಸಿ ಟ್ಯಾಂಕಿಗೆ ಬಿಗಿದಳು. ಭಾನುವಾರ ನಾನು ಭಾಲ್ಕಿಗೆ ಹೋಗಿ ಬಂದೆ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಖಾಲಾ ತೀರಿಕೊಂಡು ಎರಡು ವರ್ಷವಾಯಿತು. ಸಾಹೇಬರು ಅದಕ್ಕೂ ಎಷ್ಟೋ ಮುಂಚೆ ಹೋಗಿದ್ದರು, ಮಗಳು ದೂರದಲ್ಲಿದ್ದಳು, ಆದ್ದರಿಂದ ಮರಣದ ನೋಂದಣಿಗೆ ನಾನೇ ಹೋದೆ. ಫಾರಮಿನಲ್ಲಿ ಉದ್ಯೋಗ ಎಂಬ ಕಡೆ ‘ಮೋಟರ್ ಮೇಸ್ತ್ರಿ’ ಎಂದು ಬರೆಸಿದೆ. ಗುಮಾಸ್ತ ನಕ್ಕ. ‘ಏನ್ರಿ ಫೋರ್‌ಮನ್ ಸಾಹೇಬ್ರ, ಗೋಷಾದಾಗಿನ ಮುದುಕಿಗಿ ಮೇಸ್ತ್ರಿ ಅಂತೀರಿ. ನಿಮ್ಮ ಉದ್ಯೋಗ ಅಲ್ರಿ, ಸತ್ತೋರದ್ದು ಹೇಳ್ರಿ’ ಎಂದು ಅದನ್ನು ಹೊಡೆದುಹಾಕಿ ‘ಏನೂ ಇಲ್ಲ’ ಎಂದು ಬರೆದ. ಏನೂ ಇಲ್ಲ. ಮೈ ಉರಿಯಿತು. ಮೇಜು ಗುದ್ದಿದೆ, ಮಸಿಕುಡಿಕೆ ಉರುಳಿತು. ಹಿಂದೆ ನಿಂತಿದ್ದವರು ನನ್ನನ್ನು ಹೊರಗೆ ಕರೆತಂದು ನೀರು ಕುಡಿಸಿದರು. ಮನೆಗೆ ನಡೆಯುತ್ತ ಸಿಟ್ಟು ಇಳಿದ ಮೇಲೆ ಹೊಳೆಯಿತು, ಅವನೆದುರು ಮೇಜು ಗುದ್ದುವ ಹಕ್ಕು ನನಗೆಲ್ಲಿತ್ತು. ಔರಾದದಲ್ಲಿ ನಡೆದದ್ದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆ ಸೋಮವಾರ ಚೈನು ಹರಿಯಲಿಲ್ಲ. ಟ್ಯೂಬು ಗಾಳಿ ಬಿಡಲಿಲ್ಲ. ಮಾಂಜ್ರಾದ ಉಸುಕಿನಲ್ಲಿ ಸಾಹೇಬರು ಇಳಿದು ಎಡಗೈಯಿಂದ ದೂಡಿದರು, ದಾಟಿದೆವು. ನಾಕಾದ ಜವಾನ ನಮ್ಮನ್ನು ಬಿಟ್ಟು ಗಾಡಿಯ ಬಣ್ಣ ನೋಡಿದ, ಸರ್ಕಾರಿಯೆಂದು ತಿಳಿದು ಸಲಾಮು ಹೊಡೆದ. ಒಂಬತ್ತೂವರೆಗೆ ಬಂಗಲೆಯ ಮುಂದಿದ್ದೆವು.

ಅಧಿಕಾರಿ ಧಾರವಾಡದ ಕಡೆಯವರು, ಕೆಟ್ಟವರೇನಲ್ಲ. ಮೂರು ಸಲ ನಿಲ್ಲಿಸಿ ಮೂರು ಸಲ ಚಾಲೂ ಮಾಡಿಸಿದರು. ಮೂರು ಸಲವೂ ಒಂದೇ ಒದೆತಕ್ಕೆ ಎದ್ದಿತು. ಸಾಹೇಬರ ಹೆಸರಿನ ಮುಂದೆ ಗುರುತು ಹಾಕಿ ಸಹಿ ಮಾಡಿದರು. ಕೆಲಸ ಉಳಿಯಿತು. ಆಮೇಲೆ ಟ್ಯಾಂಕಿನ ಮೇಲೆ ಕೈ ಆಡಿಸುತ್ತ, ಬರೀ ಕುತೂಹಲಕ್ಕೆ ಕೇಳಿದರು: ‘ನಾಕ ತಿಂಗಳ ನಿಂತ ಗಾಡಿ ಇಷ್ಟ ಹಗುರ ಓಡೂದಂದ್ರ ಸಣ್ಣ ಮಾತಲ್ಲ. ಬೀದರದಾಗ ಇಂಥಾ ಕೈ ಯಾರದ್ರಿ?’

ಪರರ ಮುಂದೆ ಹೆಂಡತಿಯ ಮಾತು ಎತ್ತುವುದು ಸಾಹೇಬರ ಮನೆತನದಲ್ಲಿ ಇಲ್ಲ. ಆದರೂ ಅವರು ತಲೆ ಎತ್ತಿದರು. ‘ನಮ್ಮ ಮನಿಯಾಗ...’ ಎಂದು ಶುರುಮಾಡಿದರು. ನಾನು ಮತ್ತೆ ಎಣಿಸತೊಡಗಿದೆ. ಅಧಿಕಾರಿ ನಗಬಹುದು. ಹೆಂಗಸು ಜೋಡಿಸಿದ ಸವಾರಿ ನಡೆಯುವುದಿಲ್ಲ ಎನ್ನಬಹುದು. ಹಾಕಿದ ಸಹಿ ಹೊಡೆದುಹಾಕಬಹುದು. ಸುತ್ತಲಿದ್ದ ಗುಮಾಸ್ತರು ಈ ಮಾತನ್ನು ಬೀದರಿನ ಚೌಕದವರೆಗೆ ಒಯ್ಯಬಹುದು.

‘ನಾನೇ ಮಾಡೀನ್ರಿ ಸಾಹೇಬ್ರ’ ಅಂದೆ.

ಅಧಿಕಾರಿ ಬೆನ್ನು ತಟ್ಟಿದರು. ಹೊಸದಾಗಿ ತೆರೆದ ಮೋಟರ್ ಕಾರ್ಖಾನೆಗೆ ಕೈಯಾಳು ಬೇಕಾಗಿದ್ದಾರೆಂದು ನನ್ನ ಹೆಸರಿಗೆ ಚೀಟಿ ಬರೆದರು. ಈ ನೌಕರಿ, ಆ ಶಾಲು, ಎಲ್ಲ ಆ ಚೀಟಿಯಿಂದ ಬಂದವು.

ಮನೆ ಮುಟ್ಟಿದ್ದೇ ಸಾಹೇಬರು ಹೆಂಡತಿಗೆ ಎಲ್ಲವನ್ನೂ ಇದ್ದ ಹಾಗೆಯೇ ಹೇಳಿದರು. ನಾನು ಗೋಡೆಯ ಬಾಗಿಲಲ್ಲಿ ಬಗ್ಗಿ ನಿಂತಿದ್ದೆ, ಬೈಗುಳಕ್ಕೆ ಕಾಯುತ್ತ. ಖಾಲಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಂತಿತು. ನಟ್ಟಿನ ಮೇಲೆ, ರಸ್ತೆಯ ಮೇಲೆ, ಬಣ್ಣದ ಮೇಲೆ ಸಿಟ್ಟಾಗುತ್ತಿದ್ದವಳು ನನ್ನ ಮೇಲೆ ಆಗಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದಳು.

‘ನಾನೇ ಮಾಡೀನಿ ಅಂತ ಅಂದೀಯಂತ.’

‘ಹೌದು ಖಾಲಾ.’

‘ನಾಳಿ ಮುಂಜಾನೆ ಬಾ. ಇಡೀ ಇಂಜಿನ್ ಬಿಚ್ಚೂಣು. ಅಂದ ಮ್ಯಾಲ ಬರಬೇಕಲ್ಲ ನಿನಗ.’

ಮರುದಿನ ಹೋದೆ. ಕಾರ್ಖಾನೆ ಸೇರಿದ ಮೇಲೂ ವರ್ಷಗಟ್ಟಲೆ ಹೋದೆ. ನನಗೆ ಬರುವುದೆಲ್ಲ ಆ ಅಂಗಳದಲ್ಲೇ ಬಂದದ್ದು. ಔರಾದದ ದಾರಿಯಲ್ಲಿ ಕೆಟ್ಟದ್ದು ನನ್ನ ಬಾಯಿಂದ ಬಿದ್ದ ಆ ಒಂದು ಮಾತು ಅಷ್ಟೇ. ಅದನ್ನು ದುರಸ್ತಿ ಮಾಡಿದವಳೂ ಖಾಲಾನೇ.