ಮೇಷ್ಟ್ರಿಗೆ ಐಸ್ ಇಡ್ಲಿ

ಪುಟ್ಟಮಾದಮ್ಮನ ಬಾಯಿಗೆ ಕಿರುಗಾವಲಿನಲ್ಲಿ ಹೆದರದವರಿಲ್ಲ. ಅವಳು ಕೈ ಅಡ್ಡ ಹಾಕಿದರೆ ಮಳವಳ್ಳಿ ಬಸ್ಸೂ ನಿಲ್ಲಲೇಬೇಕು. ಆದರೆ ಬಾಯಿಗೆ ಹೆದರಿ ಓಡುವ ಜನ ಮುಖವನ್ನೆಲ್ಲಿ ನೋಡ್ತಾರೆ? ಎರಡು ವರ್ಷ ಒಂದೇ ಸೂರಿನಡಿ ಇದ್ದ ಸೊಸೆ ವನಜಾಳೇ ಸರಿಯಾಗಿ ನೋಡಿರಲಿಲ್ಲ, ಇನ್ನು ಊರವರ ಮಾತೇನು.

ಮದ್ದೂರಿನ ಹುಡುಗಿ ವನಜಾ, ಮಳವಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಮದುವೆಯಾಗಿ ಬಂದ ಮೊದಲ ದಿನವೇ ಅವಳಿಗೆ ಅತ್ತೆಯ ಮೇಲೆ ಮುನಿಸು ಹುಟ್ಟಿತ್ತು. ಹೊಸ ಸೊಸೆ ತಟ್ಟೆ ಮುಂದೆ ಕೂತಿದ್ದಾಳೆ, ಅತ್ತೆ ಅವಳೆದುರಿಗೇ ಪಾತ್ರೆಯಿಂದ ಒಂದು ತುತ್ತು ತೆಗೆದು ತನ್ನ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ನುಂಗಿ, ಆಮೇಲೆ ಬಡಿಸಿದ್ದಳು. ಅವತ್ತೊಂದು ದಿನವಲ್ಲ, ದಿನಾ ಅದೇ. ವನಜಾಳ ಅವ್ವ ಎಲ್ಲರದೂ ಆದ ಮೇಲೆ ತಳ ಬಳಿದು ಉಣ್ಣುವವಳು. “ನಮ್ಮತ್ತೆ ಹೊಟ್ಟೆಬಾಕಿ ಕಣವ್ವ, ದೇವ್ರಿಗಿಂತ ಮುಂಚೆ ಉಂಡ್ಬುಡ್ತಾರೆ” ಅಂತ ಫೋನಿನಲ್ಲಿ ಹೇಳಿ ನಕ್ಕಿದ್ದಳು.

ಪುಟ್ಟಮಾದಮ್ಮ ಊರಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಬಿಸಿಯೂಟ ಬೇಯಿಸಿದವಳು. ಕೆಲಸ ಬಿಟ್ಟ ದಿನ ಶಾಲು, ಹಾರದ ಜೊತೆಗೆ ಒಂದು ನಾಯಿಯೂ ಅವಳ ಹಿಂದೆ ಮನೆಗೆ ಬಂತು. ಕಂದು ಬಣ್ಣದ ಬೀದಿನಾಯಿ. ವರ್ಷಗಟ್ಟಲೆ ಊಟದ ಬೆಲ್ಲಿಗೆ ಸರಿಯಾಗಿ ಅಡುಗೆಕೋಣೆ ಬಾಗಿಲಿಗೆ ಹಾಜರಾಗುತ್ತಿತ್ತು. “ಈ ಸ್ಕೂಲಿಗೆ ಟೈಮಿಗ್ ಸರ್ಯಾಗ್ ಬರೋನು ಇವ್ನೊಬ್ನೇ” ಅಂತ ಹೆಡ್‌ಮಾಸ್ಟರ ಎದುರಿಗೇ ಅವಳು ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟಿದ್ದಳು. ಅವಳ ಕೈಯಿಂದ ಬಿಟ್ಟರೆ ಇನ್ನೊಬ್ಬರ ಕೈಯಿಂದ ಬಿಸ್ಕತ್ತನ್ನೂ ಮೂಸದ ಗತ್ತಿನ ನಾಯಿ ಅದು.

ಈ ಬೇಸಿಗೆಯಲ್ಲಿ ಮೇಷ್ಟ್ರಿಗೆ ಉಣ್ಣೆಹುಳ ಕಚ್ಚಿ ಜ್ವರ ಹತ್ತಿತು. ಮುದ್ದೆ ಬೇಡ, ಸಾರನ್ನ ಬೇಡ, ಮೊಟ್ಟೆಯೂ ಬೇಡ. ಪಶು ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು ಮುಚ್ಚುಮರೆ ಇಲ್ಲದೆ ಹೇಳಿದರು: “ಹದಿನಾಲ್ಕು ದಿನ, ಬೆಳಿಗ್ಗೆ ಸಾಯಂಕಾಲ. ಹಾಲು ಮೊಸರಿನ ಜೊತೆ ಬೇಡ. ವಯಸ್ಸಾದ ನಾಯಿ ಕಣಮ್ಮ, ಮಾತ್ರೆ ಒಳಗೆ ಹೋಗ್ಲಿಲ್ಲ ಅಂದ್ರೆ ನಾಕು ದಿನ ತಡೆಯೋದೂ ಕಷ್ಟ.”

ಬಾಯಿ ಅಗಲಿಸಿ ತುರುಕಿದರೆ ಉಗುಳಿತು. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಅದು ತೆವಳಿಕೊಂಡು ಹೋಗಿ ನೀರಿನ ಮಡಕೆಯ ತಂಪು ಮೈಯನ್ನು ನೆಕ್ಕುವುದು ಪುಟ್ಟಮಾದಮ್ಮನ ಕಣ್ಣಿಗೆ ಬಿತ್ತು. ಒಳಗೆ ಉರೀತದೆ ಇವನಿಗೆ, ತಣ್ಣಗಿದ್ದರೆ ತಿಂತಾನೆ ಅಂದುಕೊಂಡಳು. ಅವತ್ತೇ ಸಂಜೆ ಎರಡು ಪಚ್ಚಬಾಳೆ ಕಿವುಚಿ, ಎಳನೀರು ಬೆರೆಸಿ, ಮಾತ್ರೆ ಪುಡಿ ಮಾಡಿ ಹಾಕಿ, ಬೇರೆ ಅಚ್ಚೆಲ್ಲಿ ತರೋಣ ಅಂತ ಇಡ್ಲಿ ತಟ್ಟೆಗೆ ಹುಯ್ದು ಫ್ರೀಜರಿಗಿಟ್ಟಳು.

ಬೆಳಿಗ್ಗೆ ವನಜಾ ಫ್ರಿಜ್ಜು ತೆಗೆದಳು. ಗಂಡ ಸಿದ್ದೇಶ್ ಬ್ಲಫ್ ಊರಿನ ಪವರ್‌ಹೌಸಿಗೆ ಶಿಫ್ಟಿಗೆ ಹೋಗಿದ್ದ, ಅವಳಿಗೆ ಎಂಟರ ಬಸ್ಸಿನ ಅವಸರ. ನೋಡಿದರೆ ಇಡ್ಲಿ ತಟ್ಟೆ, ಗುಳಿ ತುಂಬ ಬೆಳ್ಳಗೆ. ನನಗೆ ಬಸ್ಸು ತಪ್ಪದಿರಲಿ ಅಂತ ಅತ್ತೆ ಹಿಟ್ಟು ಹುಯ್ದಿಟ್ಟಿದ್ದಾರಲ್ಲ ಅಂತ ಅವಳ ಮನಸ್ಸು ಒಂದಿಷ್ಟು ಕರಗಿತು. ಎತ್ತಿ ಕುಕ್ಕರಿಗಿಟ್ಟು ಒಲೆ ಹಚ್ಚಿದಳು. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಗುಳಿಗಳಲ್ಲಿ ಇಡ್ಲಿ ಇಲ್ಲ, ಬೆಂದ ಬಾಳೆಹಣ್ಣಿನ ನೀರು!

“ಐಸ್ನ ಬೇಯ್ಸಿದೋಳು ಈ ಮಂಡ್ಯ ಜಿಲ್ಲೇಲಿ ನೀನೊಬ್ಳೇ ಕಣಮ್ಮ” ಅಂದಳು ಪುಟ್ಟಮಾದಮ್ಮ. ಅಷ್ಟೇ. ಬೈಯಲಿಲ್ಲ. ಮೂಲೆಯಲ್ಲಿ ಮಲಗಿದ್ದ ಮೇಷ್ಟ್ರ ಕಡೆ ತಿರುಗಿ ಸುಮ್ಮನೆ ಕೂತಳು. ಆ ಬಾಯಿ ಸುಮ್ಮನಾಗಿದ್ದು ಕಂಡು ವನಜಾ ಮೂಲೆಗೆ ಹೋಗಿ ಬಗ್ಗಿ ನೋಡಿದಳು. ನಾಯಿಯ ಪಕ್ಕೆ ಎದ್ದು ಬೀಳುವುದೂ ನಿಧಾನವಾಗಿತ್ತು. ಅವಳು ಕಾಲೇಜಿಗೆ ರಜೆ ಹೇಳಿ, ತಾನೇ ಬಾಳೆಹಣ್ಣು ಸುಲಿದು, ಅತ್ತೆ ಹೇಳಿದಂತೆ ಮಾತ್ರೆ ಕುಟ್ಟಿ ಬೆರೆಸಿ ಮತ್ತೆ ತಟ್ಟೆ ಇಟ್ಟಳು. ಕರೆಂಟು ಹೋಗದಿರಲಿ ಅಂತ ಮುತ್ತತ್ತಿರಾಯನಿಗೆ ಹರಕೆಯನ್ನೂ ಹೊತ್ತಳು.

ಮಧ್ಯಾಹ್ನಕ್ಕೆ ಗಟ್ಟಿಯಾಯಿತು. ವನಜಾ ಒಂದನ್ನು ತೆಗೆದು ಮೇಷ್ಟ್ರ ಮೂತಿಗೆ ಹಿಡಿದಳು. ಅದು ಮುಖ ತಿರುಗಿಸಿತು. ಆಗಲೇ ಅವಳ ಕಣ್ಣು ತುಂಬಿಕೊಂಡಿತ್ತು.

“ಸರ್ಕೊ” ಅಂದಳು ಪುಟ್ಟಮಾದಮ್ಮ. ನಾಯಿಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಐಸ್ ಇಡ್ಲಿಯನ್ನು ಅದಕ್ಕೆ ಕಾಣುವ ಹಾಗೆ ಎತ್ತಿ ಹಿಡಿದು, ಅಂಚು ಕಚ್ಚಿದಳು. ಅಗಿದಳು. ಮೇಷ್ಟ್ರು ಕಣ್ಣು ಬಿಟ್ಟು ಇಡ್ಲಿಯನ್ನಲ್ಲ, ಅವಳ ಮುಖವನ್ನು ನೋಡುತ್ತಿತ್ತು. ಅವಳು ಹೋಳಿಗೆ ತಿಂದವಳ ಹಾಗೆ ನುಂಗಿ, “ಚಂದಾಗದೆ ಕಣ್ಲಾ” ಅಂದಳು.

ಹೇಗಿದ್ದೀತು ಅಂತ ವನಜಾ ತಟ್ಟೆಯಲ್ಲಿ ಅಂಟಿದ್ದ ಚೂರನ್ನು ನಾಲಗೆಗೆ ಇಟ್ಟುಕೊಂಡಳು. ಅಯ್ಯೋ ಶಿವನೇ, ಅದೆಂಥ ಕಹಿ! ಬೇವಿನ ಎಲೆಯೇ ವಾಸಿ. ನಲ್ಲಿಗೆ ಓಡಿ ಉಗುಳಿ ಬಾಯಿ ಮುಕ್ಕಳಿಸಿ ಬಂದಳು. ಅಷ್ಟರಲ್ಲಿ ಅತ್ತೆ ಎರಡನೇ ಸಲ ಕಚ್ಚಿದ್ದಳು. ಹುಬ್ಬು ಗಂಟಿಕ್ಕಲಿಲ್ಲ, ತುಟಿ ಕೊಂಕಲಿಲ್ಲ. ಮೇಷ್ಟ್ರು ಮುಂದಿನ ಎರಡು ಕಾಲೂರಿ ಎದ್ದಿತು. ಅವಳು ಕಚ್ಚಿದ ಜಾಗದಿಂದಲೇ ನೆಕ್ಕಲು ಶುರು ಮಾಡಿ, ಕೊನೆಗೆ ಕರುಮ್ ಕರುಮ್ ಅಂತ ಅಗಿದು ಮುಗಿಸಿತು. ವನಜಾಳಿಗೆ ಓದಿದ್ದು, ಕಂಡಿದ್ದು ಎಲ್ಲ ಒಂದು ಕಡೆ, ಅತ್ತೆಯ ಈ ಮುಖವೇ ಒಂದು ಕಡೆ ಅನ್ನಿಸಿತು.

“ಕಹಿ ಆಗ್ಲಿಲ್ವಾ ಅತ್ತೆ?”

“ಆಗ್ದೆ ಏನು, ನಾಲ್ಗೆ ಅಲ್ವಾ ಇದು. ಅವ್ನು ಮೊಕ ನೋಡ್ತಾನೆ ಕಣಮ್ಮ. ಮಕ್ಳೂ ಅಂಗೇ.” ಬಾಯಿ ಒರೆಸಿಕೊಂಡಳು. “ನಾನು ಸ್ಕೂಲಿಗೆ ಸೇರ್ದಾಗ ನಮ್ ಕೇರಿಯೋಳ ಕೈ ಅನ್ನ ಬ್ಯಾಡ ಅಂತ ಎಷ್ಟೋ ಮನೆಯೋರು ಡಬ್ಬಿ ಕಟ್ಟಿ ಕಳುಸ್ತಿದ್ರು. ನಾನೇನೂ ಅನ್ನಲಿಲ್ಲ. ದಿನಾ ಮಕ್ಳ ಮುಂದೆ ಕೂತು ಮೊದಲ್ ತುತ್ತು ನಾನು ಉಣ್ತಿದ್ದೆ. ಉಪ್ಪು ಜಾಸ್ತಿಯಾಗಿರ್ಲಿ, ನಾಲ್ಗೆ ಸುಟ್ಟೋಗ್ಲಿ, ಮೊಕ ಅಲ್ಲಾಡುಸ್ತಿರ್ಲಿಲ್ಲ. ದೀಪಾವಳಿ ಒತ್ಗೆ ಡಬ್ಬಿ ನಿಂತೋದ್ವು. ಬಾಗ್ಲಲ್ಲಿ ಕೂತು ಇವ್ನೂ ಅದ್ನೇ ಕಲ್ತ್ಕಂಡ.”

ವನಜಾಳಿಗೆ ಮದುವೆಯ ಮೊದಲ ದಿನ ತನ್ನ ತಟ್ಟೆ ಮುಂದೆ ನಿಂತಿದ್ದ ಅತ್ತೆ ಕಣ್ಣಿಗೆ ಕಟ್ಟಿದಳು. ಫೋನಿನಲ್ಲಿ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ಹದಿನಾಲ್ಕು ದಿನ, ಎರಡೂ ಹೊತ್ತು, ಅತ್ತೆ ಒಂದು ಕಡೆ ಕಚ್ಚಿದಳು, ಮೇಷ್ಟ್ರು ಇನ್ನೊಂದು ಕಡೆ. “ನಾಯಿ ಮಾತ್ರೆ ನೀವ್ಯಾಕಮ್ಮ ತಿಂತೀರಾ” ಅಂತ ಡಾಕ್ಟರು ಗದರಿದರೂ ಕೇಳಲಿಲ್ಲ. ಹದಿನೈದನೇ ದಿನ ಮೇಷ್ಟ್ರು ಶಾಲೆಯ ದಾರಿ ಹಿಡಿಯಿತು, ಪುಟ್ಟಮಾದಮ್ಮ ಚಾಪೆ ಹಿಡಿದಳು. ಹೊಟ್ಟೆ ಕೆಟ್ಟಿತ್ತು, ಬಾಯೆಲ್ಲ ಹುಣ್ಣಾಗಿತ್ತು. “ನಂಗೇನೂ ಬ್ಯಾಡ, ಓಗಮ್ಮ” ಅಂತ ಗೋಡೆ ಕಡೆ ತಿರುಗಿದಳು.

ವನಜಾ ಗಂಜಿ ಕಾಯಿಸಿದಳು. ಬಟ್ಟಲು ಹಿಡಿದು ಅತ್ತೆಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲ ಚಮಚ ತನ್ನ ಬಾಯಿಗೆ ಹಾಕಿಕೊಂಡಳು. ಕುದಿಯುವ ಗಂಜಿ. ನಾಲಗೆ ಚುರ್ರೆಂದಿತು. ಮುಖ ಅಲ್ಲಾಡಿಸದೆ ನುಂಗಿದಳು.

ಪುಟ್ಟಮಾದಮ್ಮ ಈ ಕಡೆ ಹೊರಳಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

“ನಾಲ್ಗೆ ಸುಟ್ಕಂಡೆ ಅಲ್ವಾ” ಅಂದಳು. “ಆರ್ಸಿ ಕೊಡು, ಉಣ್ತೀನಿ.”

ವನಜಾ ಊದಿ ಊದಿ ಆರಿಸಿದಳು. ಅತ್ತೆ ಎದ್ದು ಕೂತು ಬಟ್ಟಲು ಖಾಲಿಯಾಗುವ ತನಕ ಉಂಡಳು.